ಆಸ್ಪತ್ರೆ ಕಾಯ್ದೆಯ ಜಗಳದಲ್ಲಿ ನಿಲ್ಲದ ವಾದಗಳು: ಪದೇ ಪದೇ ಕೇಳುವ ಪ್ರಶ್ನೆಗಳು

2017ರ ನವೆಂಬರ್‌ನಲ್ಲಿ ಕರ್ನಾಟಕದ ಖಾಸಗಿ ಆಸ್ಪತ್ರೆಗಳು ಒಪಿಡಿ ಬಾಗಿಲು ಹಾಕಿದ್ದು ನಿಮಗೆ ನೆನಪಿರಬಹುದು. ಕೆಪಿಎಂಇ ಅಂತ ಎಲ್ಲರೂ ಕರೆಯುವ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ಸರ್ಕಾರ ತಿದ್ದುಪಡಿ ತರಲು ಹೊರಟಿತ್ತು. ನಾನು ಆಗ ತಿದ್ದುಪಡಿಯ ಪರ ಇದ್ದೆ, ಈಗಲೂ ಇದ್ದೇನೆ. ಆದರೆ ಆ ದಿನಗಳಲ್ಲಿ ಟಿವಿಯಲ್ಲಿ, ಸದನದಲ್ಲಿ, ನಮ್ಮ ಮನೆಯ ಊಟದ ಹೊತ್ತಿನಲ್ಲಿ ಕೇಳಿದ ವಾದಗಳಲ್ಲಿ ಎಷ್ಟೋ ಟೊಳ್ಳಾಗಿದ್ದವು. ವಿರೋಧ ಮಾಡಿದವರವು ಮಾತ್ರ ಅಲ್ಲ, ನಮ್ಮ ಕಡೆಯವೂ ಅಷ್ಟೇ. ನಮ್ಮ ಟೊಳ್ಳು ವಾದಗಳಿಂದಲೇ ನಾವು ಜಾಸ್ತಿ ಕಳೆದುಕೊಂಡೆವು ಅಂತ ನನಗೆ ಅನಿಸುತ್ತದೆ. ಯಾವ ರಾಜ್ಯದಲ್ಲಿ ಆರೋಗ್ಯದ ಕಾನೂನು ಬಂದರೂ ಅವೇ ಮಾತುಗಳು ಮತ್ತೆ ಏಳುತ್ತವೆ. 2023ರಲ್ಲಿ ರಾಜಸ್ಥಾನದ ಆರೋಗ್ಯ ಹಕ್ಕು ಕಾಯ್ದೆ ಬಂದಾಗಲೂ ಎದ್ದವು. ಗೆಳೆಯರು, ನೆಂಟರು ನನ್ನನ್ನು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಕೆಪಿಎಂಇ ಗಲಾಟೆ ಏನಾಗಿತ್ತು? ಮರೆತುಹೋಗಿದೆ.

ಖಾಸಗಿ ಆಸ್ಪತ್ರೆ, ನರ್ಸಿಂಗ್ ಹೋಂ, ಕ್ಲಿನಿಕ್, ಲ್ಯಾಬ್ ಎಲ್ಲಕ್ಕೂ ಅನ್ವಯಿಸುವ ಈ ಕಾಯ್ದೆ ಕರ್ನಾಟಕದಲ್ಲಿ 2007ರಿಂದ ಇದೆ. ನೋಂದಣಿ ಮಾಡಿಸಬೇಕು, ದರಪಟ್ಟಿ ಕಾಣುವಂತೆ ಹಾಕಬೇಕು, ತುರ್ತಾಗಿ ಬಂದವರಿಗೆ ಮೊದಲ ಚಿಕಿತ್ಸೆ ಕೊಡಬೇಕು ಅಂತ ಆಗಲೇ ಅದರಲ್ಲಿ ಬರೆದಿತ್ತು. ಜಾರಿ ಮಾತ್ರ ಸಡಿಲವಾಗಿತ್ತು. ಅದನ್ನು ಬಿಗಿ ಮಾಡುವುದು ಹೇಗೆ ಅಂತ ನೋಡಲು ನಿವೃತ್ತ ನ್ಯಾಯಮೂರ್ತಿ ವಿಕ್ರಮಜಿತ್ ಸೇನ್ ಅವರ ಸಮಿತಿ ಆಯಿತು. 2017ರ ಜೂನ್‌ನಲ್ಲಿ ಆಗಿನ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ತಿದ್ದುಪಡಿ ಮಸೂದೆ ತಂದರು.

ಮೂರು ಅಂಶಗಳಿಗೆ ಬೆಂಕಿ ಹತ್ತಿಕೊಂಡಿತು. ಚಿಕಿತ್ಸೆಯ ದರವನ್ನು ಸರ್ಕಾರ ನಿಗದಿ ಮಾಡುವುದು, ರೋಗಿಗಳ ದೂರು ಕೇಳಲು ಜಿಲ್ಲೆಗೊಂದು ಸಮಿತಿ, ಮತ್ತು ತಪ್ಪಿಗೆ ಜೈಲು. ವೈದ್ಯರ ಸಂಘ ಐಎಂಎ ವಿರೋಧಿಸಿತು. ಬೆಳಗಾವಿ ಅಧಿವೇಶನದ ಹೊತ್ತಿಗೆ ವೈದ್ಯರು ಅಲ್ಲಿ ಸೇರಿದರು, ರಾಜ್ಯದಾದ್ಯಂತ ಒಪಿಡಿ ನಿಂತಿತು, ವಿಷಯ ಹೈಕೋರ್ಟ್‌ಗೂ ಹೋಯಿತು. ಮುಖ್ಯಮಂತ್ರಿ ಸಿದ್ದರಾಮಯ್ಯ ಮಾತುಕತೆ ನಡೆಸಿದ ಮೇಲೆ ಮುಷ್ಕರ ನಿಂತಿತು. ಅದೇ ತಿಂಗಳು ಮಸೂದೆ ಪಾಸಾಯಿತು, ಆದರೆ ತೆಳುವಾಗಿ. ದರ ನಿಗದಿ ಸರ್ಕಾರಿ ಯೋಜನೆಯ ರೋಗಿಗಳಿಗೆ ಮಾತ್ರ ಅಂತ ಆಯಿತು. ರೋಗಿಗಳ ಹಕ್ಕುಗಳ ಪಟ್ಟಿ, ಬಾಕಿ ಇದೆ ಅಂತ ಶವ ತಡೆಹಿಡಿಯಬಾರದು ಅನ್ನುವ ನಿಯಮ, ಜಿಲ್ಲಾಧಿಕಾರಿ ಮುಂದಾಳತ್ವದ ಜಿಲ್ಲಾ ಪ್ರಾಧಿಕಾರ, ಇವು ಉಳಿದವು.

ಟೊಳ್ಳು ವಾದ ಅಂದರೆ ಸುಳ್ಳು ಹೇಳುವುದಾ?

ಅಲ್ಲ. ಹೆಚ್ಚಿನ ಸಲ ಹೇಳಿದ ಮಾತು ನಿಜವೇ ಇರುತ್ತದೆ. ಆ ಮಾತಿನಿಂದ ಅವರು ಹೇಳುವ ತೀರ್ಮಾನಕ್ಕೆ ದಾರಿ ಇರುವುದಿಲ್ಲ, ಅಷ್ಟೇ. ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ನೀವು ಹೇಳಿದ್ದು ಪೂರ್ತಿ ನಿಜ ಅಂತಲೇ ಇಟ್ಟುಕೊಳ್ಳೋಣ, ಹಾಗಾದರೆ ಈ ಕಾನೂನು ಬೇಕು ಅಥವಾ ಬೇಡ ಅಂತ ಆಗುತ್ತದಾ?

"ಮೊದಲು ಸರ್ಕಾರಿ ಆಸ್ಪತ್ರೆ ಸರಿ ಮಾಡಿ, ಆಮೇಲೆ ನಮ್ಮ ತಂಟೆಗೆ ಬನ್ನಿ" ಅನ್ನುತ್ತಾರೆ. ಅದು ನ್ಯಾಯ ಅಲ್ವಾ?

ನಾನು ಅತಿ ಹೆಚ್ಚು ಕೇಳಿದ ವಾದ ಇದೇ. ಇದರಲ್ಲಿ ಎರಡು ಬೇರೆ ಬೇರೆ ಮಾತುಗಳು ಅಂಟಿಕೊಂಡಿವೆ, ಬಿಡಿಸಿ ನೋಡಬೇಕು.

ಮೊದಲ ಮಾತು, ಸರ್ಕಾರಿ ಆಸ್ಪತ್ರೆಗಳ ಸ್ಥಿತಿ ಚೆನ್ನಾಗಿಲ್ಲ ಅನ್ನುವುದು. ಎಷ್ಟೋ ಕಡೆ ಇದು ನಿಜ. ತಾಲ್ಲೂಕು ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯರಿಲ್ಲದೆ ಹೆರಿಗೆಗೆ ಬಂದವರನ್ನು ಜಿಲ್ಲಾ ಆಸ್ಪತ್ರೆಗೆ ಕಳಿಸುವುದನ್ನು ಹಳ್ಳಿಯವರು ಯಾರೂ ಹೊಸದಾಗಿ ಕೇಳಬೇಕಿಲ್ಲ. ರಾಷ್ಟ್ರೀಯ ಆರೋಗ್ಯ ನೀತಿ 2017ರಲ್ಲಿ ಹೇಳಿದ್ದು 2025ರ ಹೊತ್ತಿಗೆ ಸರ್ಕಾರದ ಆರೋಗ್ಯ ವೆಚ್ಚ ಜಿಡಿಪಿಯ ಶೇ 2.5 ಆಗಬೇಕು ಅಂತ. ಕೇಂದ್ರ ಸರ್ಕಾರದ್ದೇ ಲೆಕ್ಕದಲ್ಲಿ 2021-22ರಲ್ಲಿ, ಅಂದರೆ ಕೋವಿಡ್‌ಗೆ ಸುರಿದ ವರ್ಷದಲ್ಲೂ, ಅದು ಶೇ 1.84 ಇತ್ತು.

ಎರಡನೇ ಮಾತು, ಅದು ಸರಿಯಾಗುವ ತನಕ ಖಾಸಗಿಯವರನ್ನು ಯಾರೂ ಕೇಳಬಾರದು ಅನ್ನುವುದು. ಇದು ಮೊದಲ ಮಾತಿನಿಂದ ಬರುವುದಿಲ್ಲ. ನಿಜ ಹೇಳಬೇಕೆಂದರೆ ಉಲ್ಟಾ ಬರುತ್ತದೆ. ಸರ್ಕಾರಿ ಆಸ್ಪತ್ರೆ ಸರಿಯಿಲ್ಲದ ಕಾರಣಕ್ಕೇ ಜನ ಸಾಲ ಮಾಡಿ ಖಾಸಗಿಗೆ ಹೋಗುತ್ತಾರೆ. ಬೇರೆ ದಾರಿ ಇಲ್ಲದೆ ಬಂದವರಿಗೆ ರಕ್ಷಣೆ ಜಾಸ್ತಿ ಬೇಕಲ್ಲವೇ? ಊರಿನ ಸರ್ಕಾರಿ ಬಸ್ಸು ಸರಿಯಾಗಿ ಬರುವುದಿಲ್ಲ ಅಂತ ಖಾಸಗಿ ಬಸ್ಸಿನ ಬ್ರೇಕ್ ಪರೀಕ್ಷೆ ಬೇಡ ಅನ್ನುತ್ತೇವಾ?

ಆದರೆ ಈ ವಾದಕ್ಕೆ ಒಂದು ಗಟ್ಟಿ ರೂಪ ಇದೆ, ಅದಕ್ಕೆ ನಮ್ಮ ಕಡೆಯವರು ಸರಿಯಾಗಿ ಉತ್ತರ ಕೊಡಲಿಲ್ಲ. ಸರ್ಕಾರಿ ಆಸ್ಪತ್ರೆಗಳನ್ನೂ ಇದೇ ಕಾಯ್ದೆಯ ಕೆಳಗೆ ತನ್ನಿ, ರೋಗಿಯ ಹಕ್ಕು ಎರಡೂ ಕಡೆ ಒಂದೇ ಇರಲಿ ಅಂತ ವೈದ್ಯರು ಕೇಳಿದರು. ಸರ್ಕಾರಿ ಆಸ್ಪತ್ರೆಗಳ ಮೇಲೆ ಲೋಕಾಯುಕ್ತ ಇದೆ, ಮಾಹಿತಿ ಹಕ್ಕು ಇದೆ ಅಂತ ಉತ್ತರ ಬಂತು. ಅರ್ಧರಾತ್ರಿ ಲೇಬರ್ ವಾರ್ಡ್ ಹೊರಗೆ ನಿಂತವರಿಗೆ ಮಾಹಿತಿ ಹಕ್ಕಿನ ಅರ್ಜಿಯಿಂದ ಏನು ಪ್ರಯೋಜನ? ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪು ಕೊಟ್ಟ ಪಶ್ಚಿಮ ಬಂಗಾಳದ ಪ್ರಕರಣ ನೋಡಿ. ರೈಲಿನಿಂದ ಬಿದ್ದು ತಲೆಗೆ ಪೆಟ್ಟಾಗಿದ್ದ ಒಬ್ಬ ಕೂಲಿಕಾರನನ್ನು ಒಂದಾದ ಮೇಲೆ ಒಂದು ಸರ್ಕಾರಿ ಆಸ್ಪತ್ರೆ ವಾಪಸ್ ಕಳಿಸಿತು. ಕೊನೆಗೆ ಆತ ಖಾಸಗಿ ಆಸ್ಪತ್ರೆಯಲ್ಲಿ ಸುಮಾರು 17,000 ರೂಪಾಯಿ ಖರ್ಚು ಮಾಡಿ ಉಳಿದ. ತುರ್ತು ಚಿಕಿತ್ಸೆ ಕೊಡದಿದ್ದರೆ ಅದು ಜೀವಿಸುವ ಹಕ್ಕಿನ ಉಲ್ಲಂಘನೆ ಅಂತ ಕೋರ್ಟ್ ಹೇಳಿ, ರಾಜ್ಯ ಸರ್ಕಾರ ಪರಿಹಾರ ಕೊಡಲಿ ಅಂದಿತು. ವೈದ್ಯರ ಬೇಡಿಕೆಯಲ್ಲಿ ನ್ಯಾಯ ಇತ್ತು. ಅದನ್ನು ಒಪ್ಪಿಕೊಂಡಿದ್ದರೆ ಕಾಯ್ದೆ ಇನ್ನೂ ಬಲವಾಗುತ್ತಿತ್ತು.

ದರ ನಿಗದಿ ಮಾಡಿದರೆ ಆಸ್ಪತ್ರೆಗಳು ಮುಚ್ಚಿಹೋಗುತ್ತವಾ?

"ಮುಚ್ಚುತ್ತವೆ" ಅನ್ನುವುದೂ ಟೊಳ್ಳು, "ಏನೂ ಆಗುವುದಿಲ್ಲ" ಅನ್ನುವುದೂ ಟೊಳ್ಳು. ದರ ಎಷ್ಟು, ಯಾವುದಕ್ಕೆ, ಯಾರು ಲೆಕ್ಕ ಹಾಕಿದರು ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಮಸೂದೆ ಬಂದ ವರ್ಷವೇ, 2017ರ ಫೆಬ್ರವರಿಯಲ್ಲಿ, ಕೇಂದ್ರ ಸರ್ಕಾರ ಹೃದಯಕ್ಕೆ ಹಾಕುವ ಸ್ಟೆಂಟ್‌ಗೆ ಗರಿಷ್ಠ ದರ ಹಾಕಿತು. ಬರೀ ಲೋಹದ್ದಕ್ಕೆ 7,260 ರೂಪಾಯಿ, ಔಷಧಿ ಲೇಪಿಸಿದ್ದಕ್ಕೆ 29,600. ಅದಕ್ಕೆ ಮುಂಚೆ ಔಷಧಿ ಲೇಪಿಸಿದ ಸ್ಟೆಂಟ್‌ನ ಎಂಆರ್‌ಪಿ ಸರಾಸರಿ ಒಂದು ಲಕ್ಷ ದಾಟಿತ್ತು. ಕೆಲವು ವಿದೇಶಿ ಕಂಪನಿಗಳು ತಮ್ಮ ದುಬಾರಿ ಮಾದರಿಗಳನ್ನು ವಾಪಸ್ ತೆಗೆದುಕೊಳ್ಳಲು ಅರ್ಜಿ ಹಾಕಿದವು. ಆದರೆ ದೇಶದಲ್ಲಿ ಸ್ಟೆಂಟ್ ಹಾಕುವ ಚಿಕಿತ್ಸೆ, ಆಂಜಿಯೋಪ್ಲಾಸ್ಟಿ, ನಿಲ್ಲಲಿಲ್ಲ. ಹಾಗಂತ ಸ್ಟೆಂಟ್ ದರ ಇಳಿದಷ್ಟೇ ಬಿಲ್ಲೂ ಇಳಿಯಿತು ಅಂತ ನಮ್ಮವರು ಹೇಳಿದರೆ ಅದೂ ತಪ್ಪು. ಬಿಲ್ಲಿನಲ್ಲಿ ಸ್ಟೆಂಟ್ ಒಂದು ಸಾಲು ಮಾತ್ರ. ಬಲೂನು, ಕ್ಯಾತಿಟರ್, ಕ್ಯಾತ್‌ಲ್ಯಾಬ್ ಶುಲ್ಕ, ಬೆಡ್ಡು, ಎಲ್ಲ ಬೇರೆ ಸಾಲುಗಳು. ಒಂದನ್ನು ಹಿಡಿದರೆ ಇನ್ನೊಂದು ಉಬ್ಬಬಹುದು.

ಕೋವಿಡ್‌ನಲ್ಲೂ ಇದೇ ಪಾಠ. 2020ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರ ಖಾಸಗಿ ಆಸ್ಪತ್ರೆಗಳಿಗೆ ಕೋವಿಡ್ ದರ ನಿಗದಿ ಮಾಡಿತು. ತಾವೇ ದುಡ್ಡು ಕೊಡುವ ರೋಗಿಗೆ ಜನರಲ್ ವಾರ್ಡ್ ದಿನಕ್ಕೆ 10,000, ವೆಂಟಿಲೇಟರ್ ಇರುವ ಐಸಿಯುಗೆ 25,000 ರೂಪಾಯಿ. ಮೂರು ವರ್ಷದ ಹಿಂದೆ ಆಗದು ಅಂದಿದ್ದ ಕೆಲಸ ಒಂದು ಆದೇಶದಲ್ಲಿ ಆಯಿತು. ಆದರೆ ಅದು ತುರ್ತು ಕಾಲ. ದರ ಮೀರಿ ವಸೂಲಿ ಮಾಡಿದ ದೂರುಗಳೂ ಬಂದವು. 2024ರ ಜುಲೈನಲ್ಲಿ ಡೆಂಗಿ ಎಲೈಸಾ ಪರೀಕ್ಷೆಗೆ 300 ರೂಪಾಯಿ ಮಿತಿ ಹಾಕಿದರು. ಲ್ಯಾಬ್ ಪರೀಕ್ಷೆಗೆ ಹೀಗೆ ಮಿತಿ ಹಾಕುವುದು ಸುಲಭ, ಯಾಕೆಂದರೆ ಪರೀಕ್ಷೆ ಎಲ್ಲಿ ಮಾಡಿದರೂ ಒಂದೇ. ಎರಡು ಕಾಯಿಲೆ ಇಟ್ಟುಕೊಂಡು ಬಂದ ಎಪ್ಪತ್ತು ವರ್ಷದವರ ಆಪರೇಷನ್‌ಗೆ ಒಂದೇ ದರ ಹಾಕುವುದು ಕಷ್ಟ.

ಇಲ್ಲಿ ವೈದ್ಯರ ಹತ್ತಿರ ಇರುವ ಬಲವಾದ ಮಾತು ಬೇರೆ. ಸರ್ಕಾರಿ ಯೋಜನೆಗಳಲ್ಲಿ ಕೊಡುವ ಪ್ಯಾಕೇಜ್ ದರ ಕಡಿಮೆ, ದುಡ್ಡು ಬರುವುದು ತಡ ಅನ್ನುತ್ತಾರೆ. ಹತ್ತು ಬೆಡ್ಡಿನ ನರ್ಸಿಂಗ್ ಹೋಂಗೆ ಆರು ತಿಂಗಳು ಬಿಲ್ ಬಾಕಿ ಉಳಿದರೆ ನರ್ಸ್‌ಗಳ ಸಂಬಳ ಎಲ್ಲಿಂದ ಕೊಡುತ್ತಾರೆ? ಇದಕ್ಕೆ ಲೆಕ್ಕ ಇಟ್ಟು ಉತ್ತರ ಕೊಡಬೇಕು. "ನಿಮಗೆ ಲಾಭದ ಆಸೆ" ಅಂದರೆ ಉತ್ತರ ಆಗುವುದಿಲ್ಲ.

ವೈದ್ಯರನ್ನು ಜೈಲಿಗೆ ಕಳಿಸುವ ಕಾಯ್ದೆ ಅಂತ ಹೇಳಿದರಲ್ಲ?

ಜೈಲು ಶಿಕ್ಷೆಯ ಮಾತು ಮಸೂದೆಯಲ್ಲಿ ಇತ್ತು. ಆದರೆ ಜೈಲು ಅನ್ನುವುದು ಅಲ್ಲಿ ಹೊಸದಲ್ಲ. ನೋಂದಣಿ ಇಲ್ಲದೆ ಆಸ್ಪತ್ರೆ ನಡೆಸಿದರೆ ಜೈಲು ಅಂತ 2007ರ ಕಾಯ್ದೆಯಲ್ಲೇ ಇದೆ. "ರೋಗಿ ಸತ್ತರೆ ಡಾಕ್ಟರ್ ಜೈಲಿಗೆ" ಅಂತ ಊರೆಲ್ಲ ಹಬ್ಬಿತು. ಮಸೂದೆ ಓದಿದವರು ಬಹಳ ಕಡಿಮೆ. ಚಿಕಿತ್ಸೆ ಫಲ ಕೊಡದೇ ಇರುವುದು ಬೇರೆ, ನಿಯಮ ಮುರಿಯುವುದು ಬೇರೆ. ಈ ಗೆರೆಯನ್ನು ಮಸೂದೆಯಲ್ಲೇ ಇನ್ನೂ ದಪ್ಪವಾಗಿ ಎಳೆದಿದ್ದರೆ ಭಯ ಅಷ್ಟು ಹಬ್ಬುತ್ತಿರಲಿಲ್ಲ. ಬರೆದವರ ತಪ್ಪೂ ಇದೆ.

ಗ್ರಾಹಕರ ಕೋರ್ಟ್ ಇದೆ, ವೈದ್ಯಕೀಯ ಪರಿಷತ್ ಇದೆ. ಇನ್ನೊಂದು ಸಮಿತಿ ಯಾಕೆ?

ಇದು ಒಳ್ಳೆಯ ಪ್ರಶ್ನೆ. ವೈದ್ಯಕೀಯ ಸೇವೆ ಗ್ರಾಹಕರ ಕಾನೂನಿನ ಕೆಳಗೆ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಆದರೆ ಅಲ್ಲಿ ಪರಿಹಾರ ಸಿಗುವುದು ವರ್ಷಗಳ ಮೇಲೆ. ಪರಿಷತ್ ನೋಡುವುದು ವೈದ್ಯರನ್ನು, ಆಸ್ಪತ್ರೆ ಅನ್ನುವ ಸಂಸ್ಥೆಯನ್ನು ಅಲ್ಲ. ಬಿಲ್ ವಿವರ ಕೊಡುತ್ತಿಲ್ಲ, ಕೇಸ್ ಶೀಟ್ ಕೊಡುತ್ತಿಲ್ಲ ಅನ್ನುವಂಥ ದೂರಿಗೆ ಜಿಲ್ಲೆಯಲ್ಲೇ ಒಂದು ಜಾಗ ಬೇಕು.

ಡಾಕ್ಟರ್‌ಗಳೆಲ್ಲ ಸುಲಿಗೆ ಮಾಡುತ್ತಾರೆ ಅನ್ನುವುದು ನಿಜ ತಾನೇ?

ಇಲ್ಲ. ನಮ್ಮ ಕಡೆಯ ಅತಿ ಕೆಟ್ಟ ವಾದ ಇದು. ನನಗೆ ಇದನ್ನು ಕೇಳಿದಾಗಲೆಲ್ಲ ಸಂಕಟ ಆಗುತ್ತದೆ.

ನಮ್ಮ ತಾಲ್ಲೂಕಿನಲ್ಲಿ ಗಂಡ ಹೆಂಡತಿ ಇಬ್ಬರೇ ನಡೆಸುವ ಒಂದು ನರ್ಸಿಂಗ್ ಹೋಂ ಇದೆ. ಕೆಳಗೆ ಆಸ್ಪತ್ರೆ, ಮೇಲೆ ಮನೆ. ಡಾಕ್ಟರಮ್ಮ ರಾತ್ರಿ ಎರಡು ಗಂಟೆಗೆ ಸ್ವೆಟರ್ ಹಾಕಿಕೊಂಡು ಮೆಟ್ಟಿಲಿಳಿದು ಹೆರಿಗೆ ಮಾಡಿಸಿ, ಬೆಳಗ್ಗೆ ಒಂಬತ್ತಕ್ಕೆ ಮತ್ತೆ ಒಪಿಡಿಯಲ್ಲಿ ಕೂರುತ್ತಾರೆ. ದುಡ್ಡಿಲ್ಲದವರಿಗೆ "ಸುಗ್ಗಿ ಆದಮೇಲೆ ಕೊಡಿ" ಅಂತ ಹೇಳಿದ್ದನ್ನು ನಾನೇ ಕೇಳಿದ್ದೇನೆ. ನಗರದ ನಾನೂರು ಬೆಡ್ಡಿನ ಕಾರ್ಪೊರೇಟ್ ಆಸ್ಪತ್ರೆಯಲ್ಲಿ ಬಿಲ್ ಹಾಕುವುದು ಡಾಕ್ಟರ್ ಅಲ್ಲ, ಆಡಳಿತ ವಿಭಾಗ. ಈ ಎರಡನ್ನೂ ಒಂದೇ ಬುಟ್ಟಿಗೆ ಹಾಕಿ ಬೈದೆವು. ಪರಿಣಾಮ ಏನಾಯಿತು? ಕಾಯ್ದೆಯಿಂದ ಏನೂ ಕಳೆದುಕೊಳ್ಳದ ಸಣ್ಣ ಊರಿನ ವೈದ್ಯರೂ ದೊಡ್ಡ ಆಸ್ಪತ್ರೆಗಳ ಜೊತೆ ಬೀದಿಗೆ ಬಂದರು. ಹತ್ತು ಬೆಡ್ಡಿಗೂ ನಾನೂರು ಬೆಡ್ಡಿಗೂ ಬೇರೆ ನಿಯಮ ಇರಲಿ ಅಂತ ನಾವೇ ಮೊದಲು ಹೇಳಬೇಕಿತ್ತು.

ಇನ್ನೊಂದು ಮಾತು. ವೈದ್ಯರ ಮೇಲೆ ಹಲ್ಲೆ ತಡೆಯಲು ಕರ್ನಾಟಕ 2009ರಲ್ಲೇ ಕಾನೂನು ತರಬೇಕಾಯಿತು. "ಸುಲಿಗೆಕೋರರು" ಅಂತ ವೇದಿಕೆ ಮೇಲಿಂದ ಹೇಳಿದ ಮಾತು ಕ್ಯಾಶುವಾಲಿಟಿಯಲ್ಲಿ ನೈಟ್ ಡ್ಯೂಟಿಯಲ್ಲಿರುವ ಇಪ್ಪತ್ತೈದು ವರ್ಷದ ಹುಡುಗಿಯ ಮೇಲೆ ಹೋಗಿ ಬೀಳುತ್ತದೆ.

ನನ್ನದೇ ಬಿಲ್ ಇದೆ, ತೋರಿಸುತ್ತೇನೆ. ಅದಕ್ಕಿಂತ ಸಾಕ್ಷಿ ಬೇಕಾ?

ನನ್ನ ಹತ್ತಿರವೂ ಒಂದು ಇದೆ. ಅಪ್ಪನ ಪಿತ್ತಕೋಶದ ಆಪರೇಷನ್ ಆದಾಗ ಒಂದು ಖಾಸಗಿ ಆಸ್ಪತ್ರೆ ಕೊಟ್ಟಿದ್ದು. ನಾಲ್ಕು ಪುಟ, ಮೂಲೆಗೆ ಪಿನ್ ಹೊಡೆದಿದೆ. ಮೂರನೇ ಪುಟದಲ್ಲಿ ಗ್ಲೌಸ್ 42 ಜೊತೆ ಅಂತ ಬರೆದಿದೆ. ಅದರ ಕೆಳಗೆ "ಕನ್ಸ್ಯೂಮಬಲ್ಸ್, ಇತರೆ" ಅಂತ ಒಂದೇ ಸಾಲು, ಅದರ ಮುಂದೆ 11,300 ರೂಪಾಯಿ. ಸೇರಿಸುವಾಗ ಬಾಯಲ್ಲಿ ಹೇಳಿದ ಮೊತ್ತಕ್ಕಿಂತ ಒಟ್ಟು ಬಿಲ್ ಹೆಚ್ಚುಕಡಿಮೆ ಒಂದೂವರೆ ಪಟ್ಟು.

2017ರ ಗಲಾಟೆಯಲ್ಲಿ ನಾನು ಈ ಬಿಲ್ಲನ್ನು ಎಲ್ಲರಿಗೂ ತೋರಿಸುತ್ತಿದ್ದೆ. ಗ್ಲೌಸ್ ಸಾಲಿಗೆ ಕೆಂಪು ಗೆರೆ ಎಳೆದಿದ್ದೆ. ನರ್ಸ್ ಆಗಿರುವ ನಮ್ಮ ಚಿಕ್ಕಮ್ಮನ ಮಗಳು ನೋಡಿ, "ಅಣ್ಣಾ, ಮೂರು ದಿನದಲ್ಲಿ ಎಷ್ಟು ಸಲ ಡ್ರೆಸಿಂಗ್, ಎಷ್ಟು ಸಲ ಐವಿ, ಎಷ್ಟು ಜನ ಮುಟ್ಟಿದ್ದಾರೆ ಲೆಕ್ಕ ಹಾಕಿದೀಯಾ? ನಲವತ್ತೆರಡು ಆಗಬಹುದು" ಅಂದಳು. ನಾನು ಲೆಕ್ಕ ಹಾಕಿರಲಿಲ್ಲ.

ಆಮೇಲೆ ಯೋಚಿಸಿದೆ. ಗ್ಲೌಸ್ ಕಣ್ಣಿಗೆ ಹೊಡೆಯುತ್ತದೆ, ಆದರೆ ಅದು ತಪ್ಪು ಅಂತ ತೋರಿಸಲು ನನ್ನಿಂದ ಆಗುವುದಿಲ್ಲ. ನಿಜವಾದ ದೂರು ಅದರ ಕೆಳಗಿನ ಸಾಲಿನಲ್ಲಿತ್ತು. ವಿವರ ಇಲ್ಲದ 11,300 ರೂಪಾಯಿ, ಮೊದಲು ಬರೆದು ಕೊಡದ ಅಂದಾಜು, ಎಲ್ಲೂ ಕಾಣದ ದರಪಟ್ಟಿ. ಇವು ಅಭಿಪ್ರಾಯದ ವಿಷಯ ಅಲ್ಲ, ಬರೆದ ನಿಯಮದ ವಿಷಯ. ಒಬ್ಬರ ಬಿಲ್ಲಿನಿಂದ ಇಂಥ ತೊಂದರೆ ಇದೆ ಅಂತ ಗೊತ್ತಾಗುತ್ತದೆ. ಎಷ್ಟು ಆಸ್ಪತ್ರೆಯಲ್ಲಿ, ಎಷ್ಟು ಜನಕ್ಕೆ ಅನ್ನುವುದು ಗೊತ್ತಾಗುವುದಿಲ್ಲ.

ಮುಷ್ಕರದ ದಿನ ಜನ ಸತ್ತರು. ವೈದ್ಯರೇ ಕಾರಣ ಅಲ್ವಾ?

ಚಿಕಿತ್ಸೆ ಸಿಗದೆ ಸಾವಾಯಿತು ಅನ್ನುವ ಸುದ್ದಿಗಳು ಆ ದಿನಗಳಲ್ಲಿ ಬಂದವು. ಪ್ರತಿ ಸಾವನ್ನೂ ಬೇರೆಯಾಗಿ ನೋಡದೆ, ಒಟ್ಟು ಸಂಖ್ಯೆ ಹೇಳಿ ಮುಷ್ಕರದ ತಲೆಗೆ ಕಟ್ಟುವುದು ಸರಿಯಲ್ಲ. ಮುಷ್ಕರ ಇಲ್ಲದ ದಿನವೂ ಜನ ಆಸ್ಪತ್ರೆ ಸೇರುವ ಮೊದಲೇ ತೀರಿಕೊಳ್ಳುತ್ತಾರೆ. ಅಷ್ಟು ಹೇಳಿದ ಮೇಲೂ, ಒಪಿಡಿ ಮುಚ್ಚಿ ಚೌಕಾಶಿಗೆ ಕೂತಿದ್ದು ತಪ್ಪು ಅಂತಲೇ ನನ್ನ ನಂಬಿಕೆ.

ಐದು ಲಕ್ಷದ ಕಾರ್ಡ್ ಕೊಟ್ಟಿದ್ದೇವಲ್ಲ, ಇನ್ನೇನು ಬೇಕು ಅನ್ನುತ್ತಾರೆ.

ಎಲ್ಲ ಪಕ್ಷದವರೂ ಇದನ್ನು ಹೇಳುತ್ತಾರೆ. 2018ರಿಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ಗರಿಷ್ಠ 1.5 ಲಕ್ಷ. ಎಷ್ಟು ಕಾರ್ಡ್ ಹಂಚಿದೆವು ಅಂತ ಲೆಕ್ಕ ಹೇಳುವುದು ಟೊಳ್ಳು. ಕಾರ್ಡ್ ಜೇಬಿನಲ್ಲಿದ್ದರೂ ಯೋಜನೆಯ ಪಟ್ಟಿಯಲ್ಲಿರುವ ಆಸ್ಪತ್ರೆ ಎಂಬತ್ತು ಕಿಲೋಮೀಟರ್ ದೂರ ಇರಬಹುದು. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬೇಕು. ಅದಕ್ಕಿಂತ ದೊಡ್ಡ ವಿಷಯ, ಕಾರ್ಡ್ ಕೆಲಸ ಮಾಡುವುದು ಆಸ್ಪತ್ರೆ ಸೇರಿದಾಗ. ತಿಂಗಳು ತಿಂಗಳು ಬಿಪಿ, ಶುಗರ್ ಮಾತ್ರೆಗೆ ಮೆಡಿಕಲ್ ಶಾಪ್‌ನಲ್ಲಿ ಕೊಡುವ ದುಡ್ಡು ಅದರಲ್ಲಿ ಬರುವುದಿಲ್ಲ.

ಹಾಗಂತ ಏನೂ ಬದಲಾಗಿಲ್ಲ ಅನ್ನುವ ವಿರೋಧ ಪಕ್ಷದ ಮಾತೂ ನಿಲ್ಲುವುದಿಲ್ಲ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಸ್ವಂತ ಜೇಬಿನಿಂದ ಕೊಡುವ ಪಾಲು 2013-14ರಲ್ಲಿ ಶೇ 64.2 ಇತ್ತು, 2021-22ರಲ್ಲಿ ಶೇ 39.4 ಆಗಿದೆ ಅಂತ ಸರ್ಕಾರಿ ಲೆಕ್ಕ.

ಹಾಗಾದರೆ ಗಟ್ಟಿಯಾದ ವಾದ ಹೇಗಿರುತ್ತದೆ? ಒಂದು ಉದಾಹರಣೆ ಕೊಡಿ.

ನಮ್ಮ ರಾಜ್ಯದ್ದೇ ಇದೆ, ಮತ್ತು ಅದನ್ನು ನಾವು ಯಾಕೆ ಹೆಚ್ಚು ಹೇಳುವುದಿಲ್ಲ ಅಂತ ನನಗೆ ಬೇಸರ. ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಶುರುವಾಯಿತು. ಹೃದಯ, ಕ್ಯಾನ್ಸರ್, ಕಿಡ್ನಿ, ಸುಟ್ಟಗಾಯದಂಥ ದೊಡ್ಡ ಕಾಯಿಲೆಗಳಿಗೆ ಬಿಪಿಎಲ್ ಕುಟುಂಬಗಳಿಗೆ ಉಚಿತ ಚಿಕಿತ್ಸೆ. ಅದು ಮೊದಲು ರಾಜ್ಯದ ಉತ್ತರ ಭಾಗದಲ್ಲಿ ಬಂತು, ಉಳಿದ ಕಡೆ ತಡವಾಗಿ. ಹೀಗಾಗಿ ಸ್ವಲ್ಪ ಕಾಲ ಗಡಿಯ ಒಂದು ಪಕ್ಕದ ಹಳ್ಳಿಗೆ ಯೋಜನೆ ಇತ್ತು, ಇನ್ನೊಂದು ಪಕ್ಕದ ಹಳ್ಳಿಗೆ ಇರಲಿಲ್ಲ. ಜನ, ಮಳೆ, ಬೆಳೆ, ಬಡತನ ಹೆಚ್ಚುಕಡಿಮೆ ಒಂದೇ.

ಸಂಶೋಧಕರು ಯೋಜನೆ ಇದ್ದ 300 ಹಳ್ಳಿ, ಇಲ್ಲದ 272 ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ಕೇಳಿದರು. ಫಲಿತಾಂಶ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯೋಜನೆಯಲ್ಲಿದ್ದ ಕಾಯಿಲೆಗಳಿಂದ ಆದ ಸಾವು, ಯೋಜನೆ ಇದ್ದ ಕಡೆ ಬಿಪಿಎಲ್ ಮನೆಗಳಲ್ಲಿ ಶೇ 0.32, ಇಲ್ಲದ ಕಡೆ ಶೇ 0.90. ಅದಕ್ಕಿಂತ ನನಗೆ ಇಷ್ಟವಾಗಿದ್ದು ಇನ್ನೊಂದು ಸಾಲು: ಅದೇ ಹಳ್ಳಿಗಳ ಎಪಿಎಲ್ ಮನೆಗಳಲ್ಲಿ, ಅಂದರೆ ಯೋಜನೆ ಸಿಗದವರಲ್ಲಿ, ಗಡಿಯ ಎರಡೂ ಕಡೆ ವ್ಯತ್ಯಾಸವೇ ಇಲ್ಲ. ಶೇ 0.56 ಮತ್ತು 0.55. ಆ ಕಡೆಯ ಹವಾಮಾನ ಚೆನ್ನಾಗಿತ್ತು, ಆಸ್ಪತ್ರೆ ಹತ್ತಿರ ಇತ್ತು ಅನ್ನುವ ಬೇರೆ ಕಾರಣಗಳಿಗೆ ಈ ಒಂದು ಸಾಲು ಬಾಗಿಲು ಹಾಕುತ್ತದೆ. ಯಾರ ಜೊತೆ ಹೋಲಿಸುತ್ತಿದ್ದೇವೆ ಅನ್ನುವುದು ಇಲ್ಲಿ ಸ್ಪಷ್ಟ ಇದೆ.

ಅಮೆರಿಕ, ಬ್ರಿಟನ್ ಉದಾಹರಣೆ ಕೊಡುವವರಿಗೆ ಏನು ಹೇಳುವುದು?

ಯಾವ ಅಂಶ ಹೋಲಿಸುತ್ತಿದ್ದೀರಿ ಅಂತ ಕೇಳಿ. 2009ರಲ್ಲಿ ಅಮೆರಿಕದಲ್ಲಿ ಒಬಾಮಾ ತರಲು ಹೊರಟ ಆರೋಗ್ಯ ಸುಧಾರಣೆಯ ಜಗಳದಲ್ಲಿ ಒಂದು ಅಮೆರಿಕನ್ ಪತ್ರಿಕೆಯ ಸಂಪಾದಕೀಯ, ವಿಜ್ಞಾನಿ ಸ್ಟೀಫನ್ ಹಾಕಿಂಗ್ ಬ್ರಿಟನ್‌ನಲ್ಲಿದ್ದಿದ್ದರೆ ಅಲ್ಲಿನ ಸರ್ಕಾರಿ ವ್ಯವಸ್ಥೆಯಲ್ಲಿ ಉಳಿಯುತ್ತಿರಲಿಲ್ಲ ಅಂತ ಬರೆಯಿತು. ಅವರು ಹುಟ್ಟಿ ಬದುಕಿದ್ದೇ ಬ್ರಿಟನ್‌ನಲ್ಲಿ. ಆ ವ್ಯವಸ್ಥೆ ಇಲ್ಲದಿದ್ದರೆ ತಾನು ಬದುಕಿರುತ್ತಿರಲಿಲ್ಲ ಅಂತ ಅವರೇ ಹೇಳಿದರು.

ಉಚಿತ ಕೊಟ್ಟರೆ ಜನ ಸುಮ್ನೆ ಆಸ್ಪತ್ರೆಗೆ ಬರುತ್ತಾರೆ ಅಂತಾರೆ?

ಉಚಿತ ಇದ್ದರೆ ಬಳಕೆ ಹೆಚ್ಚುತ್ತದೆ, ಅದು ನಿಜ. ಅಮೆರಿಕದಲ್ಲಿ 1970ರ ದಶಕದಲ್ಲಿ ಶುರುವಾದ, ಬೇರೆ ಬೇರೆ ಮನೆಗಳಿಗೆ ಬೇರೆ ಬೇರೆ ಮಟ್ಟದ ಆರೋಗ್ಯ ವಿಮೆ ಕೊಟ್ಟು ನೋಡಿದ ರ‍್ಯಾಂಡ್ ಪ್ರಯೋಗ ಅದನ್ನು ತೋರಿಸಿತು. ಅದೇ ಪ್ರಯೋಗ ಇನ್ನೊಂದನ್ನೂ ತೋರಿಸಿತು: ದುಡ್ಡು ಕೇಳಿದರೆ ಜನ ಬೇಡದ ಚಿಕಿತ್ಸೆಯನ್ನು ಮಾತ್ರ ಬಿಡುವುದಿಲ್ಲ, ಬೇಕಾದ ಚಿಕಿತ್ಸೆಯನ್ನೂ ಬಿಡುತ್ತಾರೆ. ಎದೆ ಕೊಯ್ಯಿಸಿಕೊಳ್ಳಲು ಯಾರೂ ಸುಮ್ನೆ ಬರುವುದಿಲ್ಲ.

ಸರಿ, ಈಗ ಆಸ್ಪತ್ರೆಗೆ ಹೋದರೆ ನಾನು ಏನು ಕೇಳಬಹುದು?

ದರಪಟ್ಟಿ ಎಲ್ಲಿದೆ ಅಂತ ಕೇಳಿ. ಅಂದಾಜು ಖರ್ಚನ್ನು ಬರೆದು ಕೊಡಿ ಅನ್ನಿ. ಡಿಸ್ಚಾರ್ಜ್ ದಿನ "ಇತರೆ" ಅಂತ ಇರುವ ಸಾಲುಗಳ ವಿವರ ಕೇಳಿ. ಜಗಳ ಬೇಡ, ಕೂಗಾಟ ಬೇಡ, ಕೌಂಟರ್‌ನಲ್ಲಿ ಕೂತವರಿಗೂ ಅದು ಸಂಬಳದ ಕೆಲಸ. ಕೊಡದಿದ್ದರೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ಕೆಪಿಎಂಇ ಪ್ರಾಧಿಕಾರಕ್ಕೆ ಅಂತ ಬರೆದು ದೂರು ಕೊಡಿ, ಸ್ವೀಕೃತಿ ಹಾಕಿಸಿಕೊಳ್ಳಿ.

ಅಪ್ಪನ ತಪಾಸಣೆಗೆ ಈಚೆಗೆ ಅದೇ ಆಸ್ಪತ್ರೆಗೆ ಹೋದಾಗ ನಾನೂ ಕೇಳಿದೆ. ಕೌಂಟರ್‌ನ ಹುಡುಗಿ ಒಳಗೆ ಹೋಗಿ, ಲ್ಯಾಮಿನೇಟ್ ಮಾಡಿದ ಒಂದು ಹಾಳೆ ತಂದು ಕೊಟ್ಟಳು. ವಾರ್ಡ್ ಬಾಡಿಗೆ ಇತ್ತು, ಆಪರೇಷನ್ ಥಿಯೇಟರ್ ಚಾರ್ಜ್ ಇತ್ತು, ಕನ್ಸ್ಯೂಮಬಲ್ಸ್ ಮುಂದೆ ಖಾಲಿ ಇತ್ತು. ಇದನ್ನು ಗೋಡೆಗೆ ಹಾಕಬೇಕು ಅಂತ ನಿಯಮ ಇದೆಯಮ್ಮ ಅಂದೆ. ಮೇಡಂಗೆ ಹೇಳ್ತೀನಿ ಸರ್ ಅಂದಳು. ಜನವರಿಯಲ್ಲಿ ಮತ್ತೆ ತಪಾಸಣೆ ಇದೆ, ಗೋಡೆ ನೋಡುತ್ತೇನೆ.